ಗುಂಟೆಯ ನಷ್ಟ, ಹೆಕ್ಟೇರಿನ ಲೆಕ್ಕ

2021ರ ಜುಲೈ 26ರಂದು ಬಿ.ಎಸ್. ಯಡಿಯೂರಪ್ಪ ತಮ್ಮ ಸರ್ಕಾರಕ್ಕೆ ಎರಡು ವರ್ಷ ತುಂಬಿದ ಸಮಾರಂಭದ ವೇದಿಕೆಯಲ್ಲೇ ಕಣ್ಣೀರು ಹಾಕುತ್ತ ರಾಜೀನಾಮೆ ಘೋಷಿಸಿದರು. ನಾಡಿನ ಎಲ್ಲ ಟಿ.ವಿ. ಕ್ಯಾಮೆರಾಗಳೂ ಆ ದಿನ ವಿಧಾನಸೌಧದ ಕಡೆ ತಿರುಗಿದ್ದವು. ಅಷ್ಟರಲ್ಲಿ ಉತ್ತರ ಕನ್ನಡದ ಯಲ್ಲಾಪುರ ತಾಲೂಕಿನ ಕಳಚೆಯ ಗುಡ್ಡಗಳು ಜರಿದು ಮೂರು ದಿನ ಕಳೆದಿತ್ತು. ಅಡಕೆ ತೋಟಗಳು ಬುಡಸಮೇತ ಕೆಳಗಿಳಿದಿದ್ದವು. ಮನೆ, ಕೊಟ್ಟಿಗೆ, ರಸ್ತೆ, ಅಬ್ಬಿ ನೀರಿನ ಪೈಪು ಎಲ್ಲದರ ಮೇಲೂ ಕೆಂಪು ರಾಡಿ. ಹುಬ್ಬಳ್ಳಿ–ಅಂಕೋಲಾ ಹೆದ್ದಾರಿ ಅರಬೈಲ್ ಘಟ್ಟದಲ್ಲಿ ಕುಸಿದು ಸಂಚಾರ ನಿಂತಿತ್ತು. ಗುಳ್ಳಾಪುರದಲ್ಲಿ ಗಂಗಾವಳಿ ನದಿಯ ಸೇತುವೆ ಕೊಚ್ಚಿಹೋಗಿ, ಆಚೆ ದಡದ ಹೆಗ್ಗಾರ, ಕಲ್ಲೇಶ್ವರ, ಡೋಂಗ್ರಿ ಕಡೆಯ ಊರುಗಳು ಪೇಟೆಯ ದಾರಿ ಕಳೆದುಕೊಂಡಿದ್ದವು.

ಅದೇ ಮಳೆ ಸಹ್ಯಾದ್ರಿಯ ಉದ್ದಕ್ಕೂ ಸುರಿದಿತ್ತು. ಮಹಾಬಲೇಶ್ವರದಲ್ಲಿ ಒಂದೇ ದಿನಕ್ಕೆ 594 ಮಿಲಿಮೀಟರ್. ರಾಯಗಡ ಜಿಲ್ಲೆಯ ತಳಿಯೆ ಎಂಬ ಹಳ್ಳಿ ಗುಡ್ಡದಡಿ ಸೇರಿ 80ಕ್ಕೂ ಹೆಚ್ಚು ಜನ ಸತ್ತರು. ಆದ್ದರಿಂದ ಕಳಚೆಯ ಕುಸಿತವನ್ನು ಸರ್ಕಾರದ ತಪ್ಪೆಂದು ಯಾರೂ ಹೇಳಲಾರರು. ಮೋಡ ಯಾರ ಆದೇಶಕ್ಕೂ ಕಾಯುವುದಿಲ್ಲ. ಪ್ರಶ್ನೆ ಇರುವುದು ಮಳೆಯ ಮೊದಲು ಏನಾಗಿತ್ತು, ಮಳೆಯ ನಂತರ ಏನಾಯಿತು ಎಂಬುದರಲ್ಲಿ.

ಜುಲೈ 28ರಂದು ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಯಾಗಿ ಪ್ರಮಾಣ ವಚನ ಸ್ವೀಕರಿಸಿದರು. ಮರುದಿನವೇ ಅವರು ಉತ್ತರ ಕನ್ನಡಕ್ಕೆ ಹೊರಟು ಬಂದದ್ದನ್ನು ಜಿಲ್ಲೆಯ ಜನ ಮೆಚ್ಚಿದರು. ಯಲ್ಲಾಪುರ ತಾಲೂಕಿನ ಕುಸಿತದ ಜಾಗಗಳನ್ನೂ ಗುಳ್ಳಾಪುರದ ಮುರಿದ ಸೇತುವೆಯನ್ನೂ ಅವರು ಕಣ್ಣಾರೆ ಕಂಡರು. ಆದರೆ ಮುಖ್ಯಮಂತ್ರಿಯ ಜೊತೆಗೆ ಆಗ ಮಂತ್ರಿಮಂಡಲವೇ ಇರಲಿಲ್ಲ. ಉಳಿದ ಸಚಿವರು ಪ್ರಮಾಣ ಮಾಡಿದ್ದು ಆಗಸ್ಟ್ 4ಕ್ಕೆ. ಕಂದಾಯ ಸಚಿವರಿಲ್ಲ, ಲೋಕೋಪಯೋಗಿ ಸಚಿವರಿಲ್ಲ, ಜಿಲ್ಲಾ ಉಸ್ತುವಾರಿ ಸಚಿವರಿಲ್ಲ. ಮಳೆ ಹೆಚ್ಚು ಹಾನಿ ಮಾಡಿದ ಆ ವಾರಗಳಲ್ಲಿ ಜಿಲ್ಲೆಯನ್ನು ನಡೆಸಿದವರು ಜಿಲ್ಲಾಧಿಕಾರಿ, ತಹಶೀಲ್ದಾರರು, ಗ್ರಾಮ ಲೆಕ್ಕಾಧಿಕಾರಿಗಳು, ಮಳೆಯಲ್ಲೇ ಕಂಬ ಹತ್ತಿದ ಲೈನ್‌ಮನ್‌ಗಳು, ಮತ್ತು ಹಾರೆ–ಗುದ್ದಲಿ ಹಿಡಿದು ರಸ್ತೆ ಬಿಡಿಸಿದ ಊರ ಹುಡುಗರು.

ಇದು ಒಂದು ಸಲದ ಆಕಸ್ಮಿಕವಾಗಿದ್ದರೆ ಇಷ್ಟು ಹೇಳಬೇಕಿರಲಿಲ್ಲ.

ಎರಡು ವರ್ಷ ಹಿಂದಕ್ಕೆ ಹೋಗೋಣ. 2019ರ ಜುಲೈ 26ರಂದು ಯಡಿಯೂರಪ್ಪ ಒಬ್ಬರೇ ಪ್ರಮಾಣ ಮಾಡಿದರು. ಆಗಸ್ಟ್‌ನಲ್ಲಿ ರಾಜ್ಯದ ಅರ್ಧಕ್ಕೆ ಹತ್ತಿರದಷ್ಟು ತಾಲೂಕುಗಳು ನೀರಲ್ಲಿದ್ದವು. ಕೃಷ್ಣೆ, ಮಲಪ್ರಭೆ, ಘಟಪ್ರಭೆ, ಕಾಳಿ, ಗಂಗಾವಳಿ, ಅಘನಾಶಿನಿ ಎಲ್ಲವೂ ಒಟ್ಟಿಗೆ ಉಕ್ಕಿದ್ದವು. 17 ಜನ ಸಚಿವರು ಸೇರಿದ್ದು ಆಗಸ್ಟ್ 20ಕ್ಕೆ. ಪತ್ರಿಕೆಗಳು ಅದನ್ನು ಏಕವ್ಯಕ್ತಿ ಸಂಪುಟ ಎಂದವು. ರಾಜ್ಯ ಲೆಕ್ಕ ಹಾಕಿದ ನಷ್ಟ 35 ಸಾವಿರ ಕೋಟಿ ರೂಪಾಯಿ ದಾಟಿತ್ತು. ಕೇಂದ್ರದ ಮೊದಲ ಕಂತು 1,200 ಕೋಟಿ ಬಿಡುಗಡೆಯಾದದ್ದು ಅಕ್ಟೋಬರ್ 4ರಂದು, ಎರಡು ತಿಂಗಳ ಕೂಗಾಟದ ನಂತರ. ಆ ವರ್ಷದ ಮೇ ತಿಂಗಳಲ್ಲಿ ಕರ್ನಾಟಕ 28ರಲ್ಲಿ 25 ಲೋಕಸಭಾ ಸ್ಥಾನಗಳನ್ನು ಕೇಂದ್ರದಲ್ಲಿ ಆಳುವ ಪಕ್ಷಕ್ಕೇ ಕೊಟ್ಟಿತ್ತು. ರಾಜ್ಯದಲ್ಲೂ ಅದೇ ಪಕ್ಷ. ಎರಡೂ ಕಡೆ ಒಂದೇ ಸರ್ಕಾರವಿದ್ದರೆ ಹಣ ಬೇಗ ಬರುತ್ತದೆ ಎಂದು ಚುನಾವಣೆಯಲ್ಲಿ ಕೇಳಿದ ಮಾತು ಅಲ್ಲಿಗೆ ಸುಳ್ಳಾಯಿತು.

ಇನ್ನೂ ಹತ್ತು ವರ್ಷ ಹಿಂದೆ, 2009ರ ಅಕ್ಟೋಬರ್ 2. ಕಾರವಾರದ ಬಳಿ ಕಡವಾಡದ ಝರಿವಾಡದಲ್ಲಿ ಗುಡ್ಡ ಜರಿದು ಬುಡದಲ್ಲಿದ್ದ ಮನೆಗಳನ್ನು ಮುಚ್ಚಿತು. 19 ಜನ ಸತ್ತರು. ಅದೇ ವಾರ ಉತ್ತರ ಕರ್ನಾಟಕದ ಪ್ರವಾಹದಲ್ಲಿ 200ಕ್ಕೂ ಹೆಚ್ಚು ಜೀವ ಹೋಗಿದ್ದರಿಂದ ಕಡವಾಡದ ಹೆಸರು ರಾಜಧಾನಿಯ ಕಿವಿಗೆ ಸರಿಯಾಗಿ ಬೀಳಲೇ ಇಲ್ಲ. ಆಗಲೂ ಮುಖ್ಯಮಂತ್ರಿಯಾಗಿದ್ದ ಯಡಿಯೂರಪ್ಪ ಪಾದಯಾತ್ರೆ ಮಾಡಿ ಸಂತ್ರಸ್ತರಿಗಾಗಿ ಹಣ ಸಂಗ್ರಹಿಸಿದರು. 'ಆಸರೆ' ಎಂಬ ಹೆಸರಿನಲ್ಲಿ ಹೊಸ ಊರುಗಳನ್ನು ಕಟ್ಟುವ ಯೋಜನೆ ಬಂತು. ಅದಕ್ಕೆ ಹಣ ಹೊಂದಿಸಲು ಅದಿರಿನ ಪ್ರತಿ ಲಾರಿಗೆ 1,000 ರೂಪಾಯಿ ಹಾಕುವ ಪ್ರಸ್ತಾಪ ಎದ್ದಾಗ ಬಳ್ಳಾರಿಯ ಗಣಿ ಉದ್ಯಮಿ ಸಚಿವರು ಬಂಡೆದ್ದರು. ಶಾಸಕರು ಹೈದರಾಬಾದಿನ ರೆಸಾರ್ಟಿಗೆ ಹೋದರು. ಜನ ತಗಡಿನ ಶೆಡ್ಡುಗಳಲ್ಲಿದ್ದಾಗ ಸರ್ಕಾರ ಉಳಿಯುತ್ತದೋ ಬೀಳುತ್ತದೋ ಎಂಬುದೇ ನವೆಂಬರಿನ ಸುದ್ದಿಯಾಯಿತು.

2009, 2019, 2021. ಮೂರೂ ಸಲ ದೊಡ್ಡ ಮಳೆ, ಮೂರೂ ಸಲ ರಾಜಕೀಯ ಬಿಕ್ಕಟ್ಟು. ಒಂದು ಪಕ್ಷಕ್ಕೆ ಮಾತ್ರ ಈ ದೋಷ ಅಂಟಿದ್ದೆಂದು ತಿಳಿಯುವುದೂ ತಪ್ಪು. ಬೇರೆ ಪಕ್ಷದ ಸರ್ಕಾರವಿದ್ದಾಗ, 2024ರ ಜುಲೈ 15ರಂದು, ಬೆಂಗಳೂರಿನಲ್ಲಿ ವಿಧಾನಮಂಡಲದ ಮಳೆಗಾಲದ ಅಧಿವೇಶನ ಶುರುವಾಯಿತು. ವಾಲ್ಮೀಕಿ ನಿಗಮದ ಹಗರಣ, ಮುಡಾ ನಿವೇಶನಗಳ ವಿವಾದ ಸದನವನ್ನು ತುಂಬಿಕೊಂಡವು. ಮರುದಿನ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯನ್ನೂ ದಾಟಿ ಗಂಗಾವಳಿಗೆ ಬಿತ್ತು.

ಗಂಗಾವಳಿ ಎಂದರೆ ಬೇರೆ ನದಿಯೇನಲ್ಲ, ಘಟ್ಟದ ಮೇಲಿನವರ ಬೇಡ್ತಿ. ಧಾರವಾಡದ ಕಡೆ ಹುಟ್ಟಿ, ಯಲ್ಲಾಪುರ ತಾಲೂಕಿಗಿಳಿದು, ಮಾಗೋಡಿನಲ್ಲಿ ಧುಮುಕಿ, ಗುಳ್ಳಾಪುರ ದಾಟಿ ಸಮುದ್ರ ಸೇರುತ್ತದೆ. ಉಮ್ಮಚಗಿ, ಮಂಚೀಕೇರಿ ಸೀಮೆಯವರ ಹಳ್ಳಗಳ ನೀರನ್ನು ಹೊತ್ತೊಯ್ಯುವುದೂ ಇದೇ ಕೊಳ್ಳ. ಹೀಗಾಗಿ ಕಳಚೆ, ಗುಳ್ಳಾಪುರ, ಶಿರೂರು ಎಂದು ಸುದ್ದಿಯಲ್ಲಿ ಬೇರೆ ಬೇರೆಯಾಗಿ ಕೇಳುವ ಹೆಸರುಗಳು ಈ ಭಾಗದ ಜನರಿಗೆ ಒಂದೇ ಘಟ್ಟದ, ಒಂದೇ ಮಳೆಯ ಕಥೆಗಳು.

ಈ ಸೀಮೆಯ ಕೃಷಿ ಹೇಗಿದೆ ಎಂದು ಗೊತ್ತಿಲ್ಲದೆ ಇಲ್ಲಿನ ನಷ್ಟ ಅರ್ಥವಾಗುವುದಿಲ್ಲ. ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ ತೋಟ. ಅದರ ಮೇಲೆ ಮನೆ, ಅಂಗಳ, ಕೊಟ್ಟಿಗೆ. ಅದರ ಮೇಲೆ ಸೊಪ್ಪಿನ ಬೆಟ್ಟ. ಬೆಟ್ಟದ ಹಸಿ ಸೊಪ್ಪು, ದರಕು ಕೊಟ್ಟಿಗೆಗೆ ಬಂದು, ಗೊಬ್ಬರವಾಗಿ ತೋಟಕ್ಕಿಳಿಯುತ್ತದೆ. ಗುಡ್ಡದ ಒರತೆಯ ಅಬ್ಬಿ ನೀರು ತಾನೇ ಹರಿದು ಮನೆಗೂ ತೋಟಕ್ಕೂ ಬರುತ್ತದೆ. 1801ರಲ್ಲಿ ಈ ದಾರಿಯಲ್ಲಿ ಹಾದುಹೋದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಅಡಕೆ, ಕಾಳುಮೆಣಸಿನ ತೋಟಗಳನ್ನು ವಿವರವಾಗಿ ಬರೆದಿದ್ದಾನೆ. ಬ್ರಿಟಿಷರ ಕಾಲದಲ್ಲಿ ಅರಣ್ಯ ಕಾಯ್ದೆಗಳು ಬಿಗಿಯಾದಾಗ ತೋಟಿಗರು ಜಗಳವಾಡಿ ಉಳಿಸಿಕೊಂಡದ್ದು ಒಂದು ಎಕರೆ ತೋಟಕ್ಕೆ 9 ಎಕರೆವರೆಗಿನ ಬೆಟ್ಟದ ಸೊಪ್ಪಿನ ಹಕ್ಕು. ಒಡೆತನ ಸರ್ಕಾರದ್ದು, ಸೊಪ್ಪು ರೈತನದು.

ತೋಟದ ಅಳತೆ ಗುಂಟೆಯಲ್ಲಿ. ಎಷ್ಟೋ ಕುಟುಂಬಗಳಿಗೆ ಇರುವುದೇ ಇಪ್ಪತ್ತು, ಮೂವತ್ತು ಗುಂಟೆ. ಅಡಕೆ ಸಸಿ ಫಲ ಬಿಡಲು ಐದಾರು ವರ್ಷ ಬೇಕು, ತುಂಬು ಫಸಲಿಗೆ ಇನ್ನೂ ಹೆಚ್ಚು. ತೋಟದ ಮಣ್ಣಂತೂ ಹುಟ್ಟಿದಲ್ಲೇ ಸಿಕ್ಕಿದ್ದಲ್ಲ. ಅಜ್ಜ, ಮುತ್ತಜ್ಜಂದಿರು ವರ್ಷವರ್ಷವೂ ಹೊತ್ತು ಹಾಕಿದ ಮಣ್ಣು, ಸೊಪ್ಪು, ಗೊಬ್ಬರ ಸೇರಿ ಆದದ್ದು. ಗುಡ್ಡ ಜಾರಿದಾಗ ಹೋಗುವುದು ಆ ವರ್ಷದ ಬೆಳೆಯಷ್ಟೇ ಅಲ್ಲ. ಮರ ಹೋಗುತ್ತದೆ, ಮಣ್ಣು ಹೋಗುತ್ತದೆ, ಒರತೆ ದಾರಿ ತಪ್ಪುತ್ತದೆ, ಮೇಲಿನ ಬೆಟ್ಟ ಬೋಳಾಗುತ್ತದೆ.

ಈಗ ಇದರ ಎದುರಿಗೆ ಸರ್ಕಾರದ ದರಪಟ್ಟಿಯನ್ನಿಟ್ಟು ನೋಡಬೇಕು. ವಿಪತ್ತು ಪರಿಹಾರ ನಿಧಿಯಿಂದ ಯಾವುದಕ್ಕೆ ಎಷ್ಟು ಕೊಡಬೇಕೆಂದು ಕೇಂದ್ರ ಗೃಹ ಸಚಿವಾಲಯ ಗೊತ್ತುಮಾಡುತ್ತದೆ. 2021ರಲ್ಲಿ ಜಾರಿಯಲ್ಲಿದ್ದದ್ದು 2015ರಲ್ಲಿ ಬರೆದ ದರಗಳು. ಬಹುವಾರ್ಷಿಕ ಬೆಳೆ ಶೇ. 33 ಅಥವಾ ಅದಕ್ಕಿಂತ ಹೆಚ್ಚು ನಷ್ಟವಾದರೆ ಹೆಕ್ಟೇರಿಗೆ 18,000 ರೂಪಾಯಿ, ಅದೂ ಎರಡು ಹೆಕ್ಟೇರಿನ ಮಿತಿಗೆ. ಹೊಲದಲ್ಲಿ ತುಂಬಿದ ಹೂಳು ತೆಗೆಯಲು ಹೆಕ್ಟೇರಿಗೆ 12,200. ಭೂಕುಸಿತದಿಂದ ಭೂಮಿಯೇ ಹೋದರೆ ಹೆಕ್ಟೇರಿಗೆ 37,500, ಅದೂ ಸಣ್ಣ ಮತ್ತು ಅತಿಸಣ್ಣ ರೈತರಿಗೆ ಮಾತ್ರ, ಅದೂ ಕಂದಾಯ ದಾಖಲೆಯಲ್ಲಿ ಒಡೆತನ ಸರಿಯಾಗಿದ್ದರೆ ಮಾತ್ರ.

ಒಂದು ಹೆಕ್ಟೇರಿಗೆ ಸುಮಾರು 99 ಗುಂಟೆ. ಭಾಗಾಕಾರ ಮಾಡಿದರೆ ಬೆಳೆನಷ್ಟಕ್ಕೆ ಗುಂಟೆಗೆ 182 ರೂಪಾಯಿ. ಭೂಮಿಯೇ ಹೋದದ್ದಕ್ಕೆ ಗುಂಟೆಗೆ 379 ರೂಪಾಯಿ. ಇಪ್ಪತ್ತು ಗುಂಟೆ ತೋಟ ಪೂರ್ತಿ ಕೊಚ್ಚಿಹೋದ ಮನೆಗೆ, ಆ ನೆಲದ ಹೆಸರಿನಲ್ಲಿ, ಏಳೂವರೆ ಸಾವಿರ ರೂಪಾಯಿ ಚಿಲ್ಲರೆ. 2021ರ ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಬೊಮ್ಮಾಯಿ ಸರ್ಕಾರ ತನ್ನ ಕಡೆಯಿಂದ ಹೆಕ್ಟೇರಿಗೆ 10,000 ಸೇರಿಸಿ ತೋಟಗಾರಿಕೆ ಬೆಳೆಯ ಪರಿಹಾರವನ್ನು 28,000ಕ್ಕೆ ಏರಿಸಿತು. ಒಳ್ಳೆಯ ಮನಸ್ಸಿನ ಕ್ರಮ, ಅದನ್ನು ಅಲ್ಲಗಳೆಯಬೇಕಿಲ್ಲ. ಗುಂಟೆಗೆ ಅದು 283 ರೂಪಾಯಿ ಆಯಿತು. 2022ರ ಅಕ್ಟೋಬರಿನಲ್ಲಿ ಕೇಂದ್ರ ದರ ಪರಿಷ್ಕರಿಸಿತು: ಬಹುವಾರ್ಷಿಕ ಬೆಳೆಗೆ 22,500, ಕೊಚ್ಚಿಹೋದ ಭೂಮಿಗೆ 47,000.

ಈ ಅಂಕಿಗಳನ್ನು ಬರೆದವರು ಕ್ರೂರಿಗಳೆಂದಲ್ಲ. ಅವರ ಕಣ್ಣಮುಂದೆ ಇದ್ದದ್ದು ಗಂಗಾ ಬಯಲಿನ ಭತ್ತ, ಗೋಧಿ. ನೆರೆ ಇಳಿದ ಮೇಲೆ ಅಲ್ಲಿ ಮುಂದಿನ ಹಂಗಾಮಿಗೆ ಮತ್ತೆ ಬಿತ್ತಬಹುದು, ಹೊಲ ಅಲ್ಲೇ ಇರುತ್ತದೆ. ಬಹುವಾರ್ಷಿಕ ಎಂಬ ಒಂದೇ ಕಂಬಳಿಯಡಿ ಬಾಳೆಯನ್ನೂ ಅಡಕೆಯನ್ನೂ ಹಾಕಿದಾಗ, ಮರ ಮತ್ತೆ ಫಲ ಕೊಡುವವರೆಗಿನ ಆರೇಳು ವರ್ಷ ಕುಟುಂಬ ಏನು ತಿನ್ನಬೇಕು, ಸೊಸೈಟಿಯ ಬೆಳೆಸಾಲದ ಕಂತು ಎಲ್ಲಿಂದ ತುಂಬಬೇಕು ಎಂಬ ಪ್ರಶ್ನೆಗೆ ಕಾಗದದಲ್ಲಿ ಜಾಗವೇ ಇಲ್ಲದಾಯಿತು.

ಬೆಟ್ಟಕ್ಕಂತೂ ಅಷ್ಟೂ ಇಲ್ಲ. ಕುಸಿತ ಹುಟ್ಟುವುದು ಹೆಚ್ಚಾಗಿ ಅಲ್ಲೇ, ತೋಟದ ನೆತ್ತಿಯ ಮೇಲೆ. ಆದರೆ ಪಹಣಿಯಲ್ಲಿ ಅದು ರೈತನ ಸ್ವಂತ ಭೂಮಿ ಅಲ್ಲದ್ದರಿಂದ ಪಂಚನಾಮೆಯಲ್ಲಿ ನಷ್ಟವಾಗಿ ಎಣಿಕೆಗೆ ಬರುವುದಿಲ್ಲ. ಅರಣ್ಯ ಅತಿಕ್ರಮಣದ ಜಾಗದಲ್ಲಿ ಮೂರು ತಲೆಮಾರಿನಿಂದ ಸಾಗುವಳಿ ಮಾಡಿಕೊಂಡು ಬಂದ ಬಡ ಕುಟುಂಬಗಳ ಸ್ಥಿತಿ ಇನ್ನೂ ಕಠಿಣ. 2006ರ ಅರಣ್ಯ ಹಕ್ಕು ಕಾಯ್ದೆ ಬುಡಕಟ್ಟಿನವರಲ್ಲದ ಅರಣ್ಯವಾಸಿಗಳಿಂದ 75 ವರ್ಷದ ವಾಸದ ಪುರಾವೆ ಕೇಳುತ್ತದೆ. ಜಿಲ್ಲೆಯಲ್ಲಿ ಅಂಥ ಅರ್ಜಿಗಳು ರಾಶಿರಾಶಿಯಾಗಿ ತಿರಸ್ಕೃತವಾಗಿವೆ. ದಾಖಲೆ ಇಲ್ಲದವನ ತೋಟ ಕಾನೂನಿನ ಕಣ್ಣಿಗೆ ಮೊದಲೂ ಇರಲಿಲ್ಲ, ಮಣ್ಣಾದ ಮೇಲೂ ಇಲ್ಲ.

ಮನೆಗಳ ವಿಷಯದಲ್ಲಿ ರಾಜ್ಯ ಹೆಚ್ಚು ಉದಾರವಾಗಿ ನಡೆದುಕೊಂಡಿತು. ಕೇಂದ್ರದ ಹಳೆಯ ದರದಂತೆ ಪೂರ್ತಿ ಬಿದ್ದ ಮನೆಗೆ ಬಯಲುಸೀಮೆಯಲ್ಲಿ 95,100, ಗುಡ್ಡಗಾಡಿನಲ್ಲಿ 1,01,900 ರೂಪಾಯಿ. 2019ರಲ್ಲೂ 2021ರಲ್ಲೂ ರಾಜ್ಯ ಅದಕ್ಕೆ ತನ್ನ ಹಣ ಸೇರಿಸಿ 5 ಲಕ್ಷ ಕೊಟ್ಟಿತು. ದೇಶದ ಬೇರೆ ರಾಜ್ಯಗಳಿಗೆ ಹೋಲಿಸಿದರೆ ಅದು ದೊಡ್ಡ ಮೊತ್ತವೇ. ಆದರೆ ಹಾನಿಯ ಪ್ರಮಾಣಕ್ಕೆ ತಕ್ಕಂತೆ ಮಾಡಿದ ಎ, ಬಿ, ಸಿ ಎಂಬ ವರ್ಗಗಳಲ್ಲಿ ಯಾವ ಮನೆ ಯಾವುದಕ್ಕೆ ಸೇರಬೇಕೆಂಬ ತೀರ್ಮಾನದಲ್ಲಿ ಜಗಳ ಹುಟ್ಟಿತು. ಗೋಡೆ ನಿಂತಿದೆ, ಹಿಂದಿನ ಧರೆ ಮಾತ್ರ ಬಿರಿದಿದೆ ಎಂಬ ಮನೆ ಯಾವ ವರ್ಗಕ್ಕೂ ಸೇರಲಿಲ್ಲ. ಮುಂದಿನ ಮಳೆಯಲ್ಲಿ ಅದು ಬೀಳುತ್ತದೆಂದು ಎಲ್ಲರಿಗೂ ಗೊತ್ತು. ಬಿದ್ದ ಮೇಲೆ ಬರುವ ಪರಿಹಾರ ಬೀಳುವ ಮೊದಲು ಬರುವ ಏರ್ಪಾಡು ಇಲ್ಲ.

ಕಳಚೆಗೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ವಿಜ್ಞಾನಿಗಳು ಬಂದು ನೋಡಿದರು. ಊರು ಸುರಕ್ಷಿತವಲ್ಲ, ಸ್ಥಳಾಂತರಿಸಬೇಕು ಎಂಬ ಮಾತು ಬಂತು. ಮಂತ್ರಿಗಳು ಭರವಸೆ ಕೊಟ್ಟರು. ಆಮೇಲಿನ ಮಳೆಗಾಲಗಳಲ್ಲಿ ಆ ಕಡತ ಒಂದು ಕಚೇರಿಯಿಂದ ಇನ್ನೊಂದಕ್ಕೆ ಓಡಾಡಿತು. ಕೇಳಿದವರಿಗೆ ಸಿಕ್ಕ ಉತ್ತರಗಳಲ್ಲಿ ಮುಖ್ಯವಾದದ್ದು, ಕೊಡಲು ಜಾಗವಿಲ್ಲ, ಇರುವುದೆಲ್ಲ ಅರಣ್ಯ.

ಈ ಉತ್ತರವನ್ನು ಉತ್ತರ ಕನ್ನಡದ ಇತಿಹಾಸದ ಮುಂದೆ ಇಟ್ಟಾಗ ಸಿಟ್ಟು ಬರುತ್ತದೆ. ಸೂಪಾ ಅಣೆಕಟ್ಟಿಗಾಗಿ ಒಂದು ತಾಲೂಕು ಕೇಂದ್ರವನ್ನೇ ಮುಳುಗಿಸಿ ಜನರನ್ನು ರಾಮನಗರಕ್ಕೆ ಕಳಿಸಲಾಯಿತು. ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲಾ ಕರಾವಳಿಯ 13 ಹಳ್ಳಿಗಳನ್ನು ಎಬ್ಬಿಸಲಾಯಿತು. ಕೊಡಸಳ್ಳಿ, ಕದ್ರಾ, ಕೈಗಾ ಎಂದು ಈ ಜಿಲ್ಲೆ ಎದ್ದು ಹೋದ ಊರುಗಳ ಉದ್ದನೆಯ ಪಟ್ಟಿ ಇಟ್ಟುಕೊಂಡಿದೆ. ಆಗ ಅರಣ್ಯ ಅಡ್ಡ ಬರಲಿಲ್ಲ. ಪುನರ್ವಸತಿ ಹೇಗೆ ಆಯಿತೆಂಬುದು ಬೇರೆ ದುಃಖದ ಕಥೆ, ಸೀಬರ್ಡ್ ನಿರಾಶ್ರಿತರು ಪರಿಹಾರಕ್ಕಾಗಿ ದಶಕಗಳ ಕಾಲ ಕೋರ್ಟು ಅಲೆದರು. ಆದರೆ ಯೋಜನೆ ಸರ್ಕಾರದ್ದಾದಾಗ ನೆಲ ಹುಡುಕುವ ಶಕ್ತಿ ಅದಕ್ಕಿತ್ತು. ಜನ ತಾವಾಗಿಯೇ ನಮ್ಮನ್ನು ಎಬ್ಬಿಸಿ ಎಂದು ಕೇಳಿದಾಗ ಆ ಶಕ್ತಿ ಕಾಣಲಿಲ್ಲ.

ಕೊಡಗಿನ ಉದಾಹರಣೆ ಇಲ್ಲೇ ಹತ್ತಿರದಲ್ಲಿದೆ. 2018ರ ಆಗಸ್ಟ್ ಕುಸಿತದ ನಂತರ ಜಂಬೂರು, ಮದೆನಾಡು ಮುಂತಾದ ಕಡೆ ಸರ್ಕಾರ ಮನೆ ಕಟ್ಟಿಸಿತು. 2020ರ ಜೂನ್ ಹೊತ್ತಿಗೆ 400ಕ್ಕೂ ಹೆಚ್ಚು ಮನೆಗಳನ್ನು ಸಂತ್ರಸ್ತರಿಗೆ ಕೊಟ್ಟಾಗಿತ್ತು. ಇನ್ಫೋಸಿಸ್ ಪ್ರತಿಷ್ಠಾನವೂ ಕೈಜೋಡಿಸಿತ್ತು. ಅಲ್ಲಿ ಆದದ್ದು ಇಲ್ಲಿ ಏಕೆ ಆಗಬಾರದು ಎಂದು ಕೇಳುವುದು ಸರಿಯೇ. ಆದರೂ ಒಂದು ತೊಡಕನ್ನು ಒಪ್ಪಬೇಕು. ಸಾಲುಮನೆಯಲ್ಲಿ ಸೂರು ಸಿಗುತ್ತದೆ, ತೋಟ ಸಿಗುವುದಿಲ್ಲ. ಕಳಚೆಯಂಥ ಊರಿನ ತೋಟಿಗನನ್ನು ಹತ್ತಾರು ಮೈಲಿ ಆಚೆ ಒಂದು ಮನೆಯಲ್ಲಿ ಕೂರಿಸಿದರೆ, ಉಳಿದ ಅರ್ಧ ತೋಟಕ್ಕೆ ಮದ್ದು ಹೊಡೆಸಲು, ಕೊನೆ ಕೊಯ್ಸಲು ಅವನು ಮತ್ತೆ ಅದೇ ಗುಡ್ಡದಡಿಗೇ ಬರಬೇಕು. ಮನೆಯ ಬದಲಿಗೆ ಮನೆ, ತೋಟದ ಬದಲಿಗೆ ತೋಟ ಎಂಬ ಬೇಡಿಕೆ ಅತಿಯಾಸೆಯದಲ್ಲ.

ಎಚ್ಚರಿಕೆ ಇರಲಿಲ್ಲವೇ ಎಂದರೆ, ಇತ್ತು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ ಕುಸಿದು ಅರ್ಚಕರ ಕುಟುಂಬ ಮಣ್ಣಡಿ ಸೇರಿತು. ಮಲೆನಾಡಿನ ಭೂಕುಸಿತಗಳ ಬಗ್ಗೆ ಜೀವವೈವಿಧ್ಯ ಮಂಡಳಿಯ ಅಧ್ಯಕ್ಷರಾಗಿದ್ದ ಅನಂತ ಹೆಗಡೆ ಅಶೀಸರ ಅವರ ನೇತೃತ್ವದಲ್ಲಿ ಸರ್ಕಾರವೇ ಒಂದು ಅಧ್ಯಯನ ಸಮಿತಿ ಮಾಡಿತ್ತು. ಅಶೀಸರರು ಶಿರಸಿ ಸೀಮೆಯವರು, ವೃಕ್ಷಲಕ್ಷ ಆಂದೋಲನದ ಕಾಲದಿಂದ ಈ ಬೆಟ್ಟಗಳಲ್ಲಿ ನಡೆದಾಡಿದವರು. ಸಮಿತಿಯ ವರದಿ ಮುಖ್ಯಮಂತ್ರಿಯ ಕೈ ಸೇರಿದ್ದು 2021ರ ಮಳೆಗಾಲಕ್ಕೆ ಮೊದಲೇ. ಇಳಿಜಾರನ್ನು ಮನಬಂದಂತೆ ಕಡಿಯುವುದು, ಗುಡ್ಡದ ನೀರಿನ ದಾರಿ ಮುಚ್ಚುವುದು ಎಷ್ಟು ಅಪಾಯವೆಂದು ಹೇಳಲು ಆ ಹೊತ್ತಿಗೆ ಹೊಸ ಸಂಶೋಧನೆಯೇನೂ ಬೇಕಿರಲಿಲ್ಲ. ವರದಿ ಬಂದ ಕೆಲವೇ ತಿಂಗಳಿಗೆ ಕಳಚೆ ಜರಿಯಿತು. ಅಷ್ಟು ಕಡಿಮೆ ಸಮಯದಲ್ಲಿ ಯಾವ ಸರ್ಕಾರವೂ ಗುಡ್ಡಗಳನ್ನು ಸರಿಪಡಿಸಲಾರದು, ಆ ರಿಯಾಯಿತಿ ಕೊಡೋಣ. ಆದರೆ ನಂತರದ ಮಳೆಗಾಲಗಳಿಗೆ ಆ ರಿಯಾಯಿತಿ ಸಲ್ಲುವುದಿಲ್ಲ.

2022ರ ಆಗಸ್ಟ್ 2ರ ಬೆಳಗಿನ ಜಾವ ಭಟ್ಕಳದ ಮುಟ್ಟಳ್ಳಿಯಲ್ಲಿ ಮನೆಯ ಮೇಲೆ ಗುಡ್ಡ ಬಿದ್ದು ಒಂದೇ ಮನೆಯ ನಾಲ್ವರು ಸತ್ತರು. ಗುಳ್ಳಾಪುರದಲ್ಲಿ ಆ ಮಳೆಗಾಲಕ್ಕೂ ಹೊಸ ಸೇತುವೆ ಆಗಿರಲಿಲ್ಲ.

ಆಮೇಲೆ ಶಿರೂರು. ಚತುಷ್ಪಥಕ್ಕಾಗಿ ಗುಡ್ಡದ ಬುಡವನ್ನು ನೆಟ್ಟಗೆ ಕಡಿಯಲಾಗಿತ್ತು. ರಸ್ತೆಯ ಬದಿಗೆ ಚಹಾ ಅಂಗಡಿ, ಲಾರಿಗಳು ನಿಲ್ಲುವ ಜಾಗ, ಅದರಾಚೆ ನದಿ. 2024ರ ಜುಲೈ 16ರ ಬೆಳಿಗ್ಗೆ ಗುಡ್ಡ ಎಲ್ಲವನ್ನೂ ನೂಕಿಕೊಂಡು ನೀರಿಗಿಳಿಯಿತು. ಅಡುಗೆ ಅನಿಲದ ಟ್ಯಾಂಕರ್ ಒಂದು ನದಿಯಲ್ಲಿ ತೇಲಿತು. ಮಣ್ಣು ಬಿದ್ದ ರಭಸಕ್ಕೆ ಎದ್ದ ನೀರು ಎದುರು ದಡದ ಉಳುವರೆಯ ಮನೆಗಳಿಗೆ ಅಪ್ಪಳಿಸಿ ಅಲ್ಲೂ ಜೀವ ಹೋಯಿತು. ಸತ್ತವರು, ಕಾಣೆಯಾದವರು ಸೇರಿ 11 ಜನ. ಅವರಲ್ಲಿ ಒಬ್ಬರು ಕೇರಳದ ಲಾರಿ ಚಾಲಕ. ಅವರಿಗಾಗಿ ಕೇರಳದ ಜನ, ಮಾಧ್ಯಮ, ಮಂತ್ರಿಗಳು ಹಟ ಹಿಡಿದು ನಿಂತರು. ಬೆಳಗಾವಿಯಿಂದ ಸೈನಿಕರು ಬಂದರು, ನದಿಯೊಳಗೆ ಮುಳುಗುಗಾರರು ಇಳಿದರು, ಕೊನೆಗೆ ಗೋವಾದಿಂದ ಹೂಳೆತ್ತುವ ಯಂತ್ರ ತರಿಸಲಾಯಿತು. ಸೆಪ್ಟೆಂಬರ್ 25ರಂದು ಲಾರಿಯೂ ಅದರೊಳಗಿನ ದೇಹವೂ ಸಿಕ್ಕವು.

ಆ ಎಪ್ಪತ್ತು ದಿನಗಳಲ್ಲಿ ಅಂಕೋಲಾದ ಜನ ಒಂದು ಮಾತು ಮತ್ತೆ ಮತ್ತೆ ಹೇಳಿದರು: ನಮ್ಮವರೂ ಆ ನೀರಿನೊಳಗಿದ್ದಾರೆ. ಕೇರಳದವರ ಮೇಲಿನ ಅಸೂಯೆಯಿಂದ ಬಂದ ಮಾತಲ್ಲ ಅದು. ಒಂದು ರಾಜ್ಯ ತನ್ನ ಒಬ್ಬ ದುಡಿಯುವವನಿಗಾಗಿ ಹಾಗೆ ನಿಲ್ಲಬಹುದಾದರೆ, ನಮ್ಮ ರಾಜ್ಯ ನಮಗಾಗಿ ಏಕೆ ಹಾಗೆ ನಿಲ್ಲಲಿಲ್ಲ ಎಂಬ ನೋವು. ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ಥಳಕ್ಕೆ ಬಂದದ್ದು ಜುಲೈ 21ರ ಭಾನುವಾರ, ಐದು ದಿನ ಕಳೆದ ಮೇಲೆ. ಹೆದ್ದಾರಿ ಪ್ರಾಧಿಕಾರ ಕೇಂದ್ರದ್ದು, ರಕ್ಷಣೆ ರಾಜ್ಯದ್ದು, ಗುಡ್ಡ ಕಡಿದದ್ದು ಗುತ್ತಿಗೆದಾರರು ಎಂದು ಹೊಣೆ ಒಬ್ಬರಿಂದೊಬ್ಬರಿಗೆ ದಾಟಿತು. ವಿಷಯ ಹೈಕೋರ್ಟಿಗೂ ಹೋಯಿತು. 15 ವರ್ಷ ಹಿಂದೆ ಕಡವಾಡದಲ್ಲಿ 19 ಜನರನ್ನು ಕಳೆದುಕೊಂಡ ಜಿಲ್ಲೆ, ಗುಡ್ಡದ ಬುಡ ಕಡಿಯುವಾಗ ಯಾರ ಸಹಿ ಬೇಕು, ಯಾರು ನೋಡಬೇಕು, ಮಳೆಗಾಲಕ್ಕೆ ಮೊದಲು ಯಾರು ಪರೀಕ್ಷಿಸಬೇಕು ಎಂಬುದನ್ನು ಇನ್ನೂ ತೀರ್ಮಾನಿಸಿಕೊಂಡಿರಲಿಲ್ಲ.

ಟೀಕೆಯಿಂದ ಏನೂ ಆಗುವುದಿಲ್ಲವೆನ್ನುವವರಿಗೆ ಕಾಳಿ ಕೊಳ್ಳದ ಕಡೆ ಕೈತೋರಿಸಬಹುದು. 2019ರಲ್ಲಿ ಕದ್ರಾ ಜಲಾಶಯದಿಂದ ಒಮ್ಮೆಲೇ ಬಿಟ್ಟ ನೀರು ಕೆಳಗಿನ ಊರುಗಳನ್ನು ಮುಳುಗಿಸಿತು, 2021ರಲ್ಲೂ ಮತ್ತೆ. ವಿದ್ಯುತ್ತಿಗಾಗಿ ಅಣೆಕಟ್ಟನ್ನು ತುಂಬಿಸಿಟ್ಟುಕೊಂಡು ಕೊನೆಗಳಿಗೆಯಲ್ಲಿ ಗೇಟು ತೆಗೆಯುತ್ತೀರಿ ಎಂದು ಜನ ಪ್ರತಿಭಟಿಸಿದರು. ಮಳೆಗಾಲದಲ್ಲಿ ಕದ್ರಾದ ಮಟ್ಟವನ್ನು ಪೂರ್ಣ ಮಟ್ಟಕ್ಕಿಂತ ಸಾಕಷ್ಟು ಕೆಳಗೇ ಇರಿಸಿಕೊಳ್ಳುವ ಪದ್ಧತಿ ಬಂದದ್ದು ಈ ಒತ್ತಡದಿಂದ. ಇದಕ್ಕೆ ಕೋಟಿಗಟ್ಟಲೆ ಹಣ ಬೇಕಾಗಲಿಲ್ಲ, ಒಂದು ನಿಯಮ ಬೇಕಾಯಿತು.

ಈ ಸೀಮೆಗೆ ಸರ್ಕಾರದ ಲೆಕ್ಕವನ್ನು ತಿದ್ದಿದ ಹಳೆಯ ಅನುಭವವೂ ಉಂಟು. ಬೇಡ್ತಿ ಜಲವಿದ್ಯುತ್ ಯೋಜನೆಯ ಕಾಲದಲ್ಲಿ, 1981ರ ಜನವರಿಯಲ್ಲಿ, ಶಿರಸಿಯ ತೋಟಗಾರರ ಸಹಕಾರಿ ಮಾರಾಟ ಸಂಘ ವಿಜ್ಞಾನಿಗಳನ್ನೂ ಅರ್ಥಶಾಸ್ತ್ರಜ್ಞರನ್ನೂ ಕರೆಸಿ ವಿಚಾರ ಸಂಕಿರಣ ನಡೆಸಿತು. ಮುಳುಗುವ ತೋಟ, ಕಾಡು, ಭತ್ತದ ಗದ್ದೆಗಳ ಬೆಲೆ ಸೇರಿಸಿದರೆ ಯೋಜನೆ ಲಾಭದ್ದೇ ಅಲ್ಲವೆಂದು ಅಂಕಿಗಳಿಂದಲೇ ವಾದಿಸಲಾಯಿತು. ಯೋಜನೆ ನಿಂತಿತು. ಅಡಕೆ ಮಾರುವ ಸಂಘವೊಂದು ಅಣೆಕಟ್ಟಿನ ಲಾಭ–ನಷ್ಟ ಪರಿಶೀಲಿಸಿದ್ದು ದೇಶದಲ್ಲೇ ಅಪರೂಪದ ಸಂಗತಿ. ಎರಡು ವರ್ಷಕ್ಕೆ, 1983ರ ಸೆಪ್ಟೆಂಬರ್ 8ರಂದು, ಶಿರಸಿ ತಾಲೂಕಿನ ಸಾಲ್ಕಣಿ ಬಳಿಯ ಕಳಸೆ ಕಾಡಿನಲ್ಲಿ ಮರಗಳನ್ನು ಅಪ್ಪಿ ಉಳಿಸುವ ಅಪ್ಪಿಕೋ ಚಳವಳಿ ಹುಟ್ಟಿತು.

ಅದೇ ಜನ ಪಶ್ಚಿಮಘಟ್ಟದ ರಕ್ಷಣೆ ಕುರಿತ ಕಸ್ತೂರಿರಂಗನ್ ವರದಿಯನ್ನು ಏಕೆ ವಿರೋಧಿಸಿದರು ಎಂಬ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗಲಾಗದು. ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ, ಕಸ್ತೂರಿರಂಗನ್ ಸಮಿತಿ 2013ರಲ್ಲಿ ವರದಿ ಕೊಟ್ಟವು. ಎರಡನೆಯದು ಕರ್ನಾಟಕದ ಒಂದೂವರೆ ಸಾವಿರಕ್ಕೂ ಹೆಚ್ಚು ಹಳ್ಳಿಗಳನ್ನು ಪರಿಸರ ಸೂಕ್ಷ್ಮವೆಂದು ಗುರುತಿಸಿತು, ಉತ್ತರ ಕನ್ನಡದ ಪಾಲು ಅದರಲ್ಲಿ ದೊಡ್ಡದು. ಎಲ್ಲ ಪಕ್ಷಗಳ ಸರ್ಕಾರಗಳೂ ಅದನ್ನು ತಿರಸ್ಕರಿಸಿದವು. ಕೇರಳದ ವಯನಾಡಿನ ಭೂಕುಸಿತ ದುರಂತದ ಮರುದಿನ, 2024ರ ಜುಲೈ 31ರಂದು, ಕೇಂದ್ರ ಆರನೆಯ ಕರಡು ಹೊರಡಿಸಿತು. ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಮತ್ತೆ ಬೇಡವೆಂದಿತು. ಹಳ್ಳಿಗಳ ವಿರೋಧವನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಆದರೆ ಅರಣ್ಯ ಇಲಾಖೆ ಬೆಟ್ಟದ ಸೊಪ್ಪಿಗೆ ತಕರಾರು ತೆಗೆದದ್ದನ್ನೂ, ಅದೇ ಇಲಾಖೆಯ ನೆಲದಲ್ಲಿ ಹೆದ್ದಾರಿ, ವಿದ್ಯುತ್ ತಂತಿ ಹಾದುಹೋದದ್ದನ್ನೂ ಕಂಡವರು ಇವರು. ನಿಯಮ ಬಂದರೆ ಅದು ತಮ್ಮ ಕೊಟ್ಟಿಗೆಗೆ ಬರುತ್ತದೆ, ಗುತ್ತಿಗೆದಾರನ ಯಂತ್ರಕ್ಕಲ್ಲ ಎಂಬ ಭಯ ಅವರಿಗಿದೆ. ಆ ಭಯವನ್ನು ಕಳೆಯುವ ಬದಲು ರಾಜಕಾರಣಿಗಳು ಅದನ್ನು ಬೆಳೆಸಿ ಮತ ಮಾಡಿಕೊಂಡರು. ಇದರಿಂದ ನಷ್ಟ ಆದದ್ದು ಗುಡ್ಡದಡಿ ಇರುವವರಿಗೇ.

ನಿಯಮ ಒಂದು, ನಡೆಯುವುದು ಇನ್ನೊಂದು ಎಂಬ ಕಥೆ ಬೆಳೆ ವಿಮೆಯದೂ ಹೌದು. ಅಡಕೆ, ಕಾಳುಮೆಣಸಿಗೆ ಹವಾಮಾನ ಆಧಾರಿತ ವಿಮೆ ಇದೆ. ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕದ ಅಂಕಿಯ ಮೇಲೆ ಹಣ ನಿರ್ಧಾರವಾಗುತ್ತದೆ. ಆಲೋಚನೆ ಒಳ್ಳೆಯದು. ಮಾಪಕ ಕೆಟ್ಟರೆ, ಅಂಕಿ ತಪ್ಪಿದರೆ ಇಡೀ ಪಂಚಾಯಿತಿಯ ರೈತರಿಗೆ ತೊಂದರೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಬೆಳೆಗಾರರು ಕೆಟ್ಟ ಮಾಪಕಗಳ ವಿಷಯಕ್ಕೂ ತಡವಾದ ವಿಮೆ ಹಣಕ್ಕೂ ಬೀದಿಗಿಳಿಯಬೇಕಾಯಿತು. ಅತಿ ಹೆಚ್ಚು ಮಳೆಯ ಸೀಮೆಯಲ್ಲಿ ಮಳೆ ಅಳೆಯುವ ಉಪಕರಣವನ್ನು ಸರಿಯಾಗಿಡುವುದು ಸರ್ಕಾರದ ಮೊದಲ ಕೆಲಸಗಳಲ್ಲೊಂದು.

2022ರ ಅಕ್ಟೋಬರಿನಲ್ಲಿ ಕೇಂದ್ರ ಬರೆದ ಪರಿಹಾರದ ದರಗಳ ಅವಧಿ 2026ರ ಮಾರ್ಚ್‌ವರೆಗೆ. ಅದರ ನಂತರದ ದರಪಟ್ಟಿಯಲ್ಲಿ ಬರೆಯಬೇಕಾದದ್ದು ಈ ಸೀಮೆಯವರಿಗೆ ಬಾಯಿಪಾಠ. ಅಡಕೆ, ತೆಂಗು, ಕಾಫಿ, ಮೆಣಸಿನಂಥ ಬೆಳೆಗೆ ಮತ್ತೆ ಫಲ ಬರುವವರೆಗಿನ ವರ್ಷಗಳನ್ನು ಲೆಕ್ಕಕ್ಕೆ ಹಿಡಿಯಬೇಕು. ಕೊಚ್ಚಿಹೋದ ತೋಟಕ್ಕೆ ಗುಂಟೆಯ ಲೆಕ್ಕದಲ್ಲಿ, ಆ ನೆಲದ ನಿಜಬೆಲೆಗೆ ಹತ್ತಿರವಾದ ಮೊತ್ತ ಬೇಕು. ಸೊಪ್ಪಿನ ಬೆಟ್ಟದ ನಷ್ಟಕ್ಕೆ ಒಂದು ಸಾಲು ಬೇಕು. ಬಿರಿದ ಧರೆಯಡಿಯ ಮನೆಗೆ, ಬೀಳುವ ಮೊದಲೇ ಎದ್ದು ಹೋಗಲು ಹಣ ಬೇಕು. ಇದನ್ನು ದೆಹಲಿಗೆ ಬರೆದು ಕಳಿಸಬೇಕಾದದ್ದು ರಾಜ್ಯ ಸರ್ಕಾರ. ರಾಜ್ಯಕ್ಕೆ ಬರೆದು ಕಳಿಸುವ ಕೆಲಸ ಉಮ್ಮಚಗಿ, ಮಂಚೀಕೇರಿ, ವಜ್ರಳ್ಳಿಯಂಥ ಪಂಚಾಯಿತಿಗಳ ಗ್ರಾಮಸಭೆಗಳಿಂದಲೇ ಶುರುವಾಗಬಹುದು. ಮಳೆ ಶುರುವಾದ ಮೇಲಿನ ಸಭೆಯಲ್ಲಲ್ಲ, ಬೇಸಿಗೆಯ ಸಭೆಯಲ್ಲಿ, ಸರ್ವೆ ನಂಬರು, ಗುಂಟೆ, ಮರಗಳ ಎಣಿಕೆ ಸಮೇತ.